ಡೆಲ್ಮರ್ ಟ್ಯಾಕೆಟ್ ಮನೆಯಲ್ಲಿಲ್ಲ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಮಾತು: ‘ಒಬ್ಬನೇ’.

ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದ ರೆಕಾರ್ಡ್ ಕಂಪನಿಯ ಮಾರ್ಲಾ ಹ್ಯಾಕ್ನಿ ಆ ಮಾತನ್ನು ಮೂರು ಸಲ ಹೇಳಿದಳು. “ಡೆಲ್ಮರ್, ಹೊಸದಾಗಿ ಹಾಡ್ತಿರೋ ಹುಡುಗಿ ಆಲ್ಬಮ್ಮಿಗೆ ಹತ್ತು ಹಾಡು ಆಗಿದೆ, ಹನ್ನೊಂದನೇದು ಬೇಕು. ಆ ಹತ್ತೂ ನಾಲ್ಕು ನಾಲ್ಕು ಜನ ಕೂತು ಬರೆದದ್ದು, ಕೇಳಿದ್ರೆ ಪಂಚಾಯ್ತಿ ತೀರ್ಮಾನ ಓದಿದ ಹಾಗಿದೆ. ನಂಗೆ ಒಂಟಿತನ ಬೇಕು ಕಣೋ. ಒಬ್ಬನೇ ಕೂತು, ಒಬ್ಬನೇ ಅತ್ತು, ಒಬ್ಬನೇ ಬರೆದದ್ದು. ಸಂಜೆ ನಾಲ್ಕಕ್ಕೆ ತಗೊಂಬಾ. ನಾಳೆ ರೆಕಾರ್ಡಿಂಗ್.”

ಫೋನ್ ಇಟ್ಟ ಮೇಲೆ ಡೆಲ್ಮರ್ ಟ್ಯಾಕೆಟ್ ಅಡುಗೆಮನೆಯಲ್ಲಿ ಐದು ನಿಮಿಷ ಸುಮ್ಮನೆ ನಿಂತಿದ್ದ. ಕೆಂಟಕಿಯ ಕಲ್ಲಿದ್ದಲ ಗುಡ್ಡ ಇಳಿದು, ಒಂದು ಗಿಟಾರು ಹೊತ್ತು, ಹಾಡು ಬರೆಯುವವರ ಊರಾದ ನ್ಯಾಶ್‌ವಿಲ್ಲಿಗೆ ಬಂದು ಅವನಿಗೆ ಹತ್ತೊಂಬತ್ತು ವರ್ಷ. ಈ ಹತ್ತೊಂಬತ್ತು ವರ್ಷದಲ್ಲಿ ಅವನ ನಲವತ್ತು ಚಿಲ್ಲರೆ ಹಾಡುಗಳನ್ನು ಯಾರು ಯಾರೋ ಹಾಡಿದ್ದರು. ಆದರೆ ಒಂದೂ ಪೂರ್ತಿಯಾಗಿ ಅವನದಲ್ಲ. ಬರೆದವರ ಪಟ್ಟಿಯಲ್ಲಿ ಅವನ ಹೆಸರು ಮದುವೆ ಕರೆಯೋಲೆಯ ಕೊನೆಯಲ್ಲಿ ‘ಹಾಗೂ ಬಂಧುಮಿತ್ರರು’ ಅಂತ ಇರುತ್ತದಲ್ಲ, ಆ ಜಾಗದಲ್ಲಿರುತ್ತಿತ್ತು.

ಅದಕ್ಕೆ ಕಾರಣ ಆ ಊರಿನ ಪದ್ಧತಿ. ಹಾಡು ಹುಟ್ಟುವಾಗ ಕೋಣೆಯಲ್ಲಿ ಯಾರ್ಯಾರಿದ್ದರೋ ಅಷ್ಟೂ ಜನರ ಹೆಸರು ಹಾಡಿನ ಮೇಲೆ ಬರಬೇಕು, ಸರಿಸಮನಾಗಿ. ಒಬ್ಬ ಇಡೀ ಪಲ್ಲವಿ ಬರೆದಿರಬಹುದು, ಇನ್ನೊಬ್ಬ ಕಾಫಿ ಹೀರುತ್ತ ತಲೆಯಾಡಿಸಿರಬಹುದು. ಲೆಕ್ಕ ಕೇಳುವ ಹಾಗಿಲ್ಲ. ಕೇಳಿದವನ ಜೊತೆ ಮತ್ತೆ ಯಾರೂ ಕೂರುವುದಿಲ್ಲ. ಕೋಣೆಯಲ್ಲಿದ್ದೆಯಾ? ನಿನ್ನ ಹೆಸರಿದೆ. ಇರಲಿಲ್ಲವಾ? ಇಲ್ಲ. ಅಷ್ಟೇ.

ನಾಲ್ಕು ವರ್ಷದ ಹಿಂದೆ ಹೆಂಡತಿ ಡಾರ್ಲಾ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಕೇಳಿದ್ದು ಒಂದೇ ಪ್ರಶ್ನೆ: “ಆ ಪ್ರೀತಿ ಹಾಡಿದೆಯಲ್ಲ, ಮಳೇಲಿ ನನ್ನ ಕೂದಲು ನೆನೆದದ್ದು, ಆ ಸಾಲು ನೀನು ಬರೆದದ್ದು ತಾನೇ?” ಡೆಲ್ಮರ್ ಸುಳ್ಳು ಹೇಳಲಾರದವನು. ಆ ಸಾಲು ಗ್ರೆಡಿ ಅನ್ನುವ ಬೋಳುತಲೆಯವನದು. ಡಾರ್ಲಾ ಟ್ಯಾಕ್ಸಿ ಹತ್ತಿದಳು.

ಹಾಗಾಗಿ ಇವತ್ತು ಸಂಜೆ ನಾಲ್ಕರೊಳಗೆ, ತನ್ನೊಬ್ಬನ ಹೆಸರಿರುವ ಹಾಡು ಆಗಲೇಬೇಕು. ಅಲ್ಲಿಯವರೆಗೆ ಈ ಮನೆಯೊಳಕ್ಕೆ ನರಪಿಳ್ಳೆ ಕಾಲಿಡಬಾರದು. ಅವನು ಮುಂಬಾಗಿಲಿಗೆ ಅಗುಳಿ ಹಾಕಿದ, ಹಿಂಬಾಗಿಲಿಗೆ ಕುರ್ಚಿ ಒತ್ತಿದ, ಪರದೆ ಎಳೆದ, ಕಾಗದ ಹರಡಿಕೊಂಡು ಕೂತ. ಮೊದಲ ಸಾಲು ತಾನಾಗಿಯೇ ಬಂತು:

*ಒಲೆಯ ಮೇಲೆ ಒಬ್ಬನ ಕಾಫಿ,*
*ಮೇಜಿನ ಮೇಲೆ ಒಬ್ಬನ ತಟ್ಟೆ,*
*ಕದ ತಟ್ಟೋರು ಯಾರೂ ಇಲ್ಲ…*

ಅಷ್ಟರಲ್ಲಿ ಯಾರೋ ಕದ ತಟ್ಟಿದರು.

“ಡೆಲ್ಮರ್, ಬಿಸ್ಕಿಟ್ ಬೇಯಿಸಿದೀನಿ, ಅದ್ದಿ ತಿನ್ನೋಕೆ ಮಾಂಸದ ಗ್ರೇವಿ ಬಿಸಿ ಬಿಸಿ ಇದೆ.” ಪಕ್ಕದ ಮನೆಯ ಮಿಸ್ ವರ್ಲೀನ್. ಪಕ್ಕದ ಮನೆ ಅನ್ನುವುದೂ ತಪ್ಪು. ಒಂದೇ ಮನೆಗೆ ನಡುವೆ ಬಿಸ್ಕಿಟ್ಟಿನಷ್ಟೇ ದಪ್ಪದ ಗೋಡೆ ಎಬ್ಬಿಸಿ ಎರಡು ಬಾಡಿಗೆ ಮಾಡಿದ್ದರು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಆಡಿಸಿದ ಮುದುಕಿ. ಅವಳ ಹೆಸರೂ ಎರಡು ಹಾಡಿನ ಮೇಲಿತ್ತು. ಒಂದರಲ್ಲಿ ಅವಳ ಪಾಲು ಕೋಳಿ ಹುರಿದು ಕೊಟ್ಟದ್ದು.

ಡೆಲ್ಮರ್ ಉಸಿರು ಬಿಗಿಹಿಡಿದ. ಗ್ರೇವಿಯ ವಾಸನೆ ಕದದ ಸಂದಿಯಲ್ಲಿ ನುಸುಳಿ ಬಂದು ಮೂಗು ಸವರಿತು. ಹೊಟ್ಟೆ ನಾಯಿಮರಿಯಂತೆ ಕುಂಯ್‌ಗುಟ್ಟಿತು.

“ಹೊಟ್ಟೆ ಕೂಗೋದು ಇಲ್ಲಿಗೆ ಕೇಳಿಸ್ತಿದೆ ಮಗಾ,” ಅಂದಳು ಮಿಸ್ ವರ್ಲೀನ್. ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಪ್ಪಲಿ ಎಳೆಯುತ್ತ ಹೋದ ಸದ್ದು.

ಅರ್ಧ ಗಂಟೆಯಾಗಿರಬಹುದು, ಮತ್ತೆ ಕದ. ಅಂಚೆಯ ರಾಯ್ಸ್. ಅವನ ಚೀಲದಲ್ಲಿ ಪತ್ರಗಳಿಗಿಂತ ಅವನದೇ ಅರ್ಧ ಬರೆದ ಪದ್ಯಗಳು ಹೆಚ್ಚು. ಬೀದಿಯ ಪ್ರತಿ ಮನೆಯಲ್ಲೂ ಒಂದೊಂದು ಸಾಲು ತುಂಬಿಸಿಕೊಂಡು ಮುಂದೆ ಹೋಗುತ್ತಿದ್ದ.

“ಡೆಲ್ಮರ್! ಗಿಟಾರ್ ತಂತಿ ಪಾರ್ಸೆಲ್ ಬಂದಿದೆ. ಸಹಿ ಬೇಕು. ಒಳಗಿದ್ದೀಯಾ?”

ತಂತಿ! ಅವನ ಗಿಟಾರಿನಲ್ಲಿ ಆರರಲ್ಲಿ ಒಂದು ತಂತಿ ಕಿತ್ತುಹೋಗಿ ಹತ್ತು ದಿನವಾಗಿತ್ತು. ಆದರೆ ರಾಯ್ಸ್ ಒಳಗೆ ಬಂದರೆ ಕೂರುತ್ತಾನೆ, ಕೂತರೆ ಕಾಗದ ನೋಡುತ್ತಾನೆ, ನೋಡಿದರೆ “ಇಲ್ಲಿ ಒಂದು ರೈಲು ಬಂದ್ರೆ ಹೇಗೆ?” ಅನ್ನುತ್ತಾನೆ. ಗಾಬರಿಯಲ್ಲಿ ಡೆಲ್ಮರನ ಬಾಯಿಂದ ಬಂದದ್ದು ಒಂದೇ ಶಬ್ದ.

“ಇಲ್ಲ!”

ಹೊರಗೆ ಪಾರ್ಸೆಲ್ ಮತ್ತೆ ಚೀಲಕ್ಕೆ ಇಳಿದ ಸದ್ದು.

“ಹೌದಾ?” ಅಂದ ರಾಯ್ಸ್. “ಸರಿ. ಡೆಲ್ಮರ್ ಬಂದ ಮೇಲೆ ಹೇಳು, ರಾಯ್ಸ್ ಬಂದಿದ್ದ ಅಂತ.”

“ಹೇಳ್ತೀನಿ,” ಅಂದ ಡೆಲ್ಮರ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ತಂತಿ ಮತ್ತೆ ಅಂಚೆ ಕಚೇರಿಗೆ ಹೋಯಿತು.

ಹತ್ತೂವರೆಗೆ ಕಾಲಿಗೇನೋ ತಣ್ಣಗೆ ತಗುಲಿತು. ಸಿಂಕಿನ ಕೆಳಗಿನ ಪೈಪು ಮೂರು ದಿನದಿಂದ ತೊಟ್ಟಿಕ್ಕುತ್ತಿತ್ತು. ಇವತ್ತೇ ಅದಕ್ಕೆ ಹುಮ್ಮಸ್ಸು ಬಂದು ಹರಿಯತೊಡಗಿತ್ತು. ಮಂಗಳವಾರವೇ ನಲ್ಲಿಯ ಕಾಟನ್‌ಗೆ ಡೆಲ್ಮರನೇ ಫೋನ್ ಮಾಡಿದ್ದ. ಆ ಊರಿನಲ್ಲಿ ನಲ್ಲಿ ರಿಪೇರಿಗೆ ಬಂದವನೂ ಮೊದಲು ಪಲ್ಲವಿ ಕೇಳಿ ಆಮೇಲೆ ಪೈಪು ನೋಡುತ್ತಾನೆ. ಮೂರು ದಿನ ಬಾರದ ಕಾಟನ್ ಇವತ್ತು, ಈ ಗಳಿಗೆಗೆ, ದೇವರು ಕಳಿಸಿದ ಹಾಗೆ ಬಂದ.

“ಬಾಗ್ಲು ತೆಗಿಯಯ್ಯ! ಮೆಟ್ಲ ಮೇಲೆ ನೀರು ಬರ್ತಾ ಇದೆ!”

“ಬರ್ಲಿ ಬಿಡು!”

“ಬರ್ಲಿ ಅಂದ್ರೆ? ನೀನೇ ಕರೆದದ್ದು ನನ್ನ!”

“ನಾಳೆ ಬಾ ಕಾಟನ್. ಕೈ ಮುಗೀತೀನಿ.”

“ನಾಳೆ ಬಂದ್ರೆ ನಲ್ಲಿ ಸಾಮಾನಲ್ಲ, ದೋಣಿ ತರ್ಬೇಕಾಗುತ್ತೆ,” ಅಂದ ಕಾಟನ್. ಆಮೇಲೆ ಅವನ ದನಿ ಬೇರೆಯಾಯಿತು. “ನನ್ ಮೇಲೇನಾದ್ರೂ ಬೇಜಾರಾ? ಕಳೆದ ತಿಂಗಳು ಬಾರಿನಲ್ಲಿ ನಿನ್ನ ಹಾಡಿನ ಮಧ್ಯೆ ಕೆಮ್ಮಿದ್ನಲ್ಲ, ಅದಕ್ಕಾ? ಬೇಕಂತ ಕೆಮ್ಮಿದ್ದಲ್ಲ ಕಣೋ.”

ಡೆಲ್ಮರನಿಗೆ ಎದ್ದು ಕದ ತೆಗೆಯುವ ಮನಸ್ಸಾಯಿತು. ಆದರೆ ಅವನು ಕಾಲನ್ನು ಮೇಜಿನ ಮೇಲಕ್ಕೆ ಎಳೆದುಕೊಂಡು, ಕೊಕ್ಕರೆಯಂತೆ ಮುದುಡಿ, ಬರೆಯುತ್ತಲೇ ಇದ್ದ. ಅಲ್ಲಿ ಇನ್ನೊಂದು ಕಷ್ಟ ಕಾದಿತ್ತು. ‘ತಟ್ಟೆ’ಗೆ ಪ್ರಾಸ ಸಿಗುತ್ತಿರಲಿಲ್ಲ. ಒಂಬತ್ತು ಸಲ ಹಾಡಿ ನೋಡಿದ. “ಮೇಜಿನ ಮೇಲೆ ಒಬ್ಬನ ತಟ್ಟೆ… ಒಬ್ಬನ ತಟ್ಟೆ…”

“ಹಗ್ಗದ ಮೇಲೆ ಒಬ್ಬನ ಬಟ್ಟೆ!” ಅಂತ ಗೋಡೆ ಕೂಗಿತು.

ಡೆಲ್ಮರ್ ಕಿವಿ ಮುಚ್ಚಿಕೊಂಡ. ತಡವಾಗಿತ್ತು. ಮಿಸ್ ವರ್ಲೀನಳ ಮಾತು ಗೋಡೆ ದಾಟಿ ಒಳಗೆ ಬಂದಾಗಿತ್ತು. ಎಂಥ ಸಾಲು! ಹಿತ್ತಲಲ್ಲಿ ಹಗ್ಗದ ಮೇಲೆ ಒಬ್ಬನೇ ಒಬ್ಬನ ಎರಡು ಅಂಗಿ, ಒಂದು ಪ್ಯಾಂಟು ಗಾಳಿಗೆ ಅಲುಗಾಡುವುದು ಅವನ ಕಣ್ಣಿಗೇ ಕಟ್ಟಿತು. ಅದನ್ನು ಬಿಟ್ಟರೆ ಬೇರೆ ಸಾಲೇ ಇಲ್ಲ.

“ನಾನು ಕೇಳಿಸ್ಕೊಂಡಿಲ್ಲ!” ಅಂತ ಗೋಡೆಗೆ ಕೂಗಿದ.

“ಬಟ್ಟೆ ಅಂದೆ, ಬಟ್ಟೆ!” ಅಂತ ಅವಳು ಇನ್ನೂ ಜೋರಾಗಿ ಕೂಗಿದಳು.

ತೆಗೆದುಕೊಂಡರೆ ಹೆಸರು ಕೊಡಬೇಕು. ಕೊಟ್ಟರೆ ಒಬ್ಬನದಾಗುವುದಿಲ್ಲ. ಡೆಲ್ಮರ್ ಹಲ್ಲು ಕಚ್ಚಿ ಬರೆದ: *ಬಾಣಲೆ ಮೇಲೆ ಒಬ್ಬನ ಮೊಟ್ಟೆ.* ಬರೆದು ಅದನ್ನೇ ದಿಟ್ಟಿಸಿ ನೋಡಿದ. ಮೊಟ್ಟೆಯೂ ಅವನನ್ನು ದಿಟ್ಟಿಸಿದಂತಿತ್ತು. ಇರಲಿ, ಕೆಟ್ಟ ಮೊಟ್ಟೆಯಾದರೂ ತನ್ನದೇ.

ಹೊರಗೆ ಪಕ್ಕದ ಜಗಲಿಯಲ್ಲಿ ಮೂವರ ಮಾತು ಕೇಳಿಸಿತು. ಮಿಸ್ ವರ್ಲೀನ್, ರಾಯ್ಸ್, ಕಾಟನ್. ಒಮ್ಮೆ ಪಿಸುಮಾತು, ಒಮ್ಮೆ ನಗು, ಮತ್ತೆ ಪಿಸುಮಾತು. ಬಿಸ್ಕಿಟ್ ಮುರಿಯುವ ಸದ್ದೂ ಕೇಳಿಸಿದಂತಾಯಿತು. ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡ ಡೆಲ್ಮರ್, ಟಿಶ್ಯೂ ಕಾಗದ ನೆನೆಸಿ ಎರಡೂ ಕಿವಿಗೆ ತುರುಕಿಕೊಂಡು, ಗಿಟಾರು ಎತ್ತಿಕೊಂಡು ಬಟ್ಟೆ ಬೀರುವಿನೊಳಗೆ ಹೋಗಿ ಕೂತ.

ಬೀರುವಿನೊಳಗೆ ಕತ್ತಲೆ. ಎಡಗಡೆ ಅವನ ಅಂಗಿಗಳು. ಬಲಗಡೆ ಡಾರ್ಲಾಳ ಖಾಲಿ ಹ್ಯಾಂಗರುಗಳು. ಅವನು ಅಲುಗಿದಾಗಲೆಲ್ಲ ಅವು ಒಂದಕ್ಕೊಂದು ತಾಗುತ್ತಿದ್ದವು. ಸದ್ದು ಮಾತ್ರ ಅವನಿಗೆ ಕೇಳುತ್ತಿರಲಿಲ್ಲ. ಅವನ ಮಟ್ಟಿಗೆ ಈಗ ನಿಜವಾಗಿಯೂ ಯಾರೂ ಕದ ತಟ್ಟುತ್ತಿರಲಿಲ್ಲ. ಬೆಳಗಿನಿಂದ ಸುಳ್ಳಾಗಿದ್ದ ಸಾಲು ನಿಜವಾದದ್ದೇ ತಡ, ಉಳಿದ ಹಾಡು ಇಪ್ಪತ್ತು ನಿಮಿಷದಲ್ಲಿ ಬಂದುಬಿಟ್ಟಿತು. ಐದು ತಂತಿಯಲ್ಲೇ ಕೊನೆಯ ಸಾಲು ಹಾಡಿದಾಗ ಅವನಿಗೇ ಅಳು ಬಂತು. ಅಳುವವನನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ. ಅದಕ್ಕಾಗಿ ದೇವರಿಗೆ ವಂದನೆ ಹೇಳಿದ. ಹೇಳಿದ ಮೇಲೆ ಇನ್ನಷ್ಟು ಅತ್ತ.

ಮೂರೂವರೆಗೆ ಹಿತ್ತಲ ಕಿಟಕಿಯಿಂದ ಗಿಟಾರನ್ನು ಇಳಿಸಿ, ಹಿಂದೆಯೇ ತಾನೂ ಇಳಿದು, ಮುಳ್ಳುಬೇಲಿಗೆ ಪ್ಯಾಂಟಿನ ಒಂದು ತುಂಡು ಕಾಣಿಕೆ ಕೊಟ್ಟು ಹೊರಟ.

ಮಾರ್ಲಾ ಕಣ್ಣು ಮುಚ್ಚಿ ಕೇಳಿದಳು.

“ಚೆನ್ನಾಗಿದೆ ಡೆಲ್ಮರ್. ನಿಜವಾಗ್ಲೂ. ಆ ಮೊಟ್ಟೆ ಒಂದು ಬಿಟ್ಟು.”

“ನಾನೊಬ್ಬನೇ ಬರೆದದ್ದು,” ಅಂದ ಡೆಲ್ಮರ್. ಎದೆ ಉಬ್ಬಿತ್ತು; ಹಿಂದುಗಡೆ ಪ್ಯಾಂಟಿನಲ್ಲಿ ಗಾಳಿಯಾಡುತ್ತಿತ್ತು.

“ಅದು ಗೊತ್ತಾಗುತ್ತೆ. ಎರಡು ಗಂಟೆಗೆ ಬಂದಿದ್ರೆ ಇದನ್ನೇ ತಗೋತಿದ್ದೆ.” ಅವಳು ಕೈಚೆಲ್ಲಿದಳು. “ಎರಡೂ ಕಾಲಿಗೆ ಫೋನಲ್ಲಿ ಒಂದು ಹಾಡು ಬಂತು. ಹುಡುಗಿಗೆ ಕೇಳಿಸ್ದೆ. ಅವಳು ಇನ್ನೂ ಮೂಗು ಒರೆಸಿಕೊಳ್ತಾ ಇದಾಳೆ. ಒಬ್ಬನ ಹಾಡು ಬೇಕು ಅಂದಿದ್ದೆನಲ್ಲ? ಇದು ಒಬ್ಬನ ಹಾಡೇ. ಬರೆದದ್ದು ಮಾತ್ರ ಮೂರು ಜನ.”

ಅವಳು ಫೋನಿನಲ್ಲಿ ಹಾಡು ಹಾಕಿದಳು. ಮುದುಕಿಯೊಬ್ಬಳ ಒಡಕು ದನಿ, ಹಿಂದೆ ಗಂಡಸರಿಬ್ಬರು:

*ಹಗ್ಗದ ಮೇಲೆ ಒಬ್ಬನ ಬಟ್ಟೆ,*
*ಕದದ ಮುಂದೆ ನಾನು ನಿಂತೆ,*
*ಒಳಗಿದ್ದೀಯಾ ಅಂತ ಕೇಳಿದೆ,*
*ಇಲ್ಲ ಅಂತ ಅವನೇ ಅಂದ.*

ಡೆಲ್ಮರನ ಮುಖ ಬಾಣಲೆಯಲ್ಲಿ ಮರೆತ ಹಂದಿಮಾಂಸದ ತುಂಡಿನ ಹಾಗೆ ಮುರುಟಿತು.

“ಅದು ನಾನು! ಆ ‘ಇಲ್ಲ’ ನಂದು! ನಾನೇ ಅಂದದ್ದು!”

“ನೀನಾ?” ಮಾರ್ಲಾ ಮುಂದಕ್ಕೆ ಬಾಗಿದಳು. “ಆ ಬಾಗ್ಲು ತೆಗೀದೋನು ನೀನೇನಾ?” ಆಮೇಲೆ, ಊರಿನ ಪದ್ಧತಿ ಬಲ್ಲವಳಾದ್ದರಿಂದ, ಮೆಲ್ಲಗೆ ಕೇಳಿದಳು. “ಅವರು ಬರೆಯೋವಾಗ ನೀನು ಕೋಣೇಲಿದ್ಯಾ?”

ಡೆಲ್ಮರ್ ಸುಳ್ಳು ಹೇಳಲಾರದವನು.

“ಬೀರುವಿನೊಳಗಿದ್ದೆ,” ಅಂದ.

“ಯಾರ ಬೀರು?”

“ನನ್ನದೇ.”

ಮಾರ್ಲಾ ಫೋನಿನ ಹಾಡು ನಿಲ್ಲಿಸಿದಳು. ಅವನ ಹಾಡಿನ ಕಾಗದವನ್ನು ಮಡಿಚಿ ಅವನ ಕೈಗೇ ಕೊಟ್ಟಳು.

ಡೆಲ್ಮರ್ ಮನೆ ಸೇರುವಾಗ ಆರು ಗಂಟೆ. ಮಿಸ್ ವರ್ಲೀನಳ ಜಗಲಿಯ ತುಂಬ ಜನ. ಕರಿದ ಮೀನು, ಜೋಳದ ರೊಟ್ಟಿ, ತಣ್ಣನೆಯ ಸಿಹಿ ಚಹಾ. ಕಾಟನ್ ಅವನ ಮನೆಯ ನೀರನ್ನು ಹೊರಗಿನಿಂದಲೇ ನಿಲ್ಲಿಸಿದ್ದ. ಹಾಡು ಹೋದರೆ ಹೋಗಲಿ. ಬೆಳಗಿನಿಂದ ಏನೂ ತಿಂದಿಲ್ಲ, ಮಾರ್ಲಾಳದು ಬಿಟ್ಟು ಯಾರ ಮುಖವನ್ನೂ ನೋಡಿಲ್ಲ; ಇಷ್ಟು ಜನರ ನಡುವೆ ಅರ್ಧ ಗಂಟೆ ಕೂತರೆ ಸಾಕು ಅನ್ನಿಸಿತು ಅವನಿಗೆ. ಮೆಟ್ಟಿಲು ಹತ್ತಿದ.

“ಮಿಸ್ ವರ್ಲೀನ್, ನನ್ನ ಹೆಸರು ಯಾಕೆ ಹಾಕ್ಲಿಲ್ಲ?” ಕೋಪದಿಂದಲ್ಲ, ಸುಮ್ಮನೆ ಕೇಳಿದ.

“ಹಾಕೋಣ ಅಂತಾನೇ ಬಂದಿದ್ವಿ ಮಗಾ! ಮಾರ್ಲಾಗೆ ಹಾಡು ಬೇಕಂತ ಬೆಳಿಗ್ಗೆ ಗೋಡೆ ದಾಟಿ ನಂಗೂ ಕೇಳಿಸಿತ್ತು. ಒಂದು ಗಂಟೆಗೆ ಮೂವರೂ ಬಂದು ಕದ ತಟ್ಟಿದ್ವಿ. ‘ಬಾ, ಕೂತ್ಕೋ, ಇದು ನಿಂದೇ ಹಾಡು’ ಅಂತ ಕೂಗಿದೆ. ಹತ್ತು ನಿಮಿಷ ತಟ್ಟಿದ್ವಿ.” ಅವಳ ಕಣ್ಣಲ್ಲಿ ನೀರು ನಿಂತಿತು. “ನೀನು ಈ ಸಲ ‘ಇಲ್ಲ’ ಅಂತಾನೂ ಅನ್ಲಿಲ್ಲ. ಅದನ್ನೇ ಕೊನೇ ಸಾಲು ಮಾಡಿದ್ವಿ. ಆ ಹುಡುಗಿ ಅತ್ತದ್ದೇ ಅಲ್ಲಿ.”

ಡೆಲ್ಮರನಿಗೆ ಕಿವಿಯೊಳಗೆ ಇನ್ನೂ ಒದ್ದೆ ಕಾಗದ ಇದ್ದಂತೆನಿಸಿತು. ನಗಬೇಕೋ ಅಳಬೇಕೋ ತಿಳಿಯದೆ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂರಲು ಹೋದ.

“ಏ ಏ, ಕೂರ್ಬೇಡ!” ರಾಯ್ಸ್ ಕುರ್ಚಿಯನ್ನು ಹಿಂದಕ್ಕೆ ಎಳೆದ. “ಮಾರ್ಲಾ ಈಗಷ್ಟೇ ಫೋನ್ ಮಾಡಿದ್ಲು. ಹುಡುಗಿ ನಾಳೆ ಬೆಳಿಗ್ಗೆ ಕ್ಯಾಮೆರಾದವರನ್ನ ಕರ್ಕೊಂಡು ಬರ್ತಾಳಂತೆ, ಆ ಬಾಗ್ಲು ನೋಡೋಕೆ. ಪೇಪರಿನವರೂ ಬರ್ತಾರಂತೆ.”

“ಬರ್ಲಿ, ನಾನು ಬಾಗ್ಲು ತೆಗೀತೀನಿ, ಕಾಫಿ ಮಾಡ್ತೀನಿ,” ಅಂದ ಡೆಲ್ಮರ್. ಅವನ ದನಿಯಲ್ಲಿ ಆಸೆ ಇಣುಕಿತು.

ಜಗಲಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

“ತೆಗೆದ್ರೆ ಹಾಡಿನ ಗತಿ ಏನೋ?” ಅಂದ ಕಾಟನ್.

“ನೀನು ಹೀಗೆ ಮೀನು ತಿಂತಾ ನಾಲ್ಕು ಜನರ ಜೊತೆ ಕೂತಿರೋದನ್ನ ಯಾರಾದ್ರೂ ನೋಡಿದ್ರೆ? ಮೂರು ಜನರ ಹೊಟ್ಟೆ ಮೇಲೆ ಹೊಡೀಬೇಡ ಮಗಾ,” ಅಂದಳು ಮಿಸ್ ವರ್ಲೀನ್. ತಟ್ಟೆಗೆ ಎರಡು ತುಂಡು ಮೀನು, ಒಂದು ರೊಟ್ಟಿ ಹಾಕಿ ಅವನ ಕೈಗಿತ್ತಳು. ಭುಜ ಹಿಡಿದು ಮೆಟ್ಟಿಲು ಇಳಿಸಿದಳು. ಅವನ ಮನೆಯ ಮೆಟ್ಟಿಲು ಹತ್ತಿಸಿದಳು. ಬೀದಿಯ ಎರಡೂ ಕಡೆ ನೋಡಿ, ಯಾರೂ ಕಾಣುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮಗುವನ್ನು ಮಲಗಿಸುವಷ್ಟು ಮೆತ್ತಗೆ ಅವನನ್ನು ಒಳಕ್ಕೆ ನೂಕಿದಳು.

“ಬಿಸಿ ಇದೆ, ಹುಷಾರು,” ಅಂದಳು. ಅವನ ಎರಡು ಕೈಯಲ್ಲೂ ತಟ್ಟೆ ಇದ್ದದ್ದರಿಂದ, ಕದವನ್ನು ಹೊರಗಿನಿಂದ ತಾನೇ ಎಳೆದುಕೊಂಡಳು.