ಹೊರೆಗಲ್ಲಿಗೆ ಬೇಲಿ ಹಾಕಿಸಿದ್ದು

ತಡವಾಗಿ ಬುದ್ಧಿ ಬಂದವನ ಕೈಗೆ ಯಾವ ಒಳ್ಳೆಯ ಕೆಲಸವನ್ನೂ ವಹಿಸಬಾರದು. ಇಷ್ಟು ವರ್ಷ ಮಾಡದೆ ಬಿಟ್ಟದ್ದನ್ನೆಲ್ಲ ಅವನು ಒಂದೇ ವಾರದಲ್ಲಿ ಮಾಡಿ ಮುಗಿಸಲು ಹೊರಡುತ್ತಾನೆ. ಇದನ್ನು ನಾನು ಬೇರೆ ಯಾರನ್ನೋ ನೋಡಿ ಹೇಳುತ್ತಿಲ್ಲ.

ಹೂಡಿಯಲ್ಲಿ ನಮ್ಮ ಮನೆಯ ಗೇಟಿನ ಪಕ್ಕ ಒಂದು ಹೊರೆಗಲ್ಲು ಇದೆ. ನೆಲದಲ್ಲಿ ನೆಟ್ಟ ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಅಷ್ಟೆ. ಜನ ತಲೆಹೊರೆ ಹೊತ್ತು ಸಂತೆಗೆ ನಡೆಯುತ್ತಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದು. ಚಪ್ಪಡಿ ಭುಜದೆತ್ತರಕ್ಕಿರುವುದರಿಂದ, ಒಂಟಿಯಾಗಿ ಬಂದವರೂ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಂಡು ಹೋಗಬಹುದು. ಇನ್ನೊಬ್ಬರ ಕೈ ಬೇಡ. ನಮ್ಮ ರಾಗಿ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಾಗ, ಕಾರು ತಿರುಗಿಸಲು ಅಡ್ಡವಾಗುತ್ತದೆಂದು ಈ ಕಲ್ಲನ್ನು ಕೀಳಿಸಲು ಜೆಸಿಬಿ ಕರೆಸಿದವನು ನಾನೇ. ನಮ್ಮಲ್ಲಿ ಆಗ ಕಾರೂ ಇರಲಿಲ್ಲ. ಜೆಸಿಬಿಯಲ್ಲಿ ಡೀಸೆಲ್ ಮುಗಿದದ್ದರಿಂದ ಕಲ್ಲು ಉಳಿಯಿತು, ನನ್ನ ಒಳ್ಳೆಯತನದಿಂದಲ್ಲ.

ಹೋದ ವರ್ಷ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಎಂಜಿನಿಯರ್ ಹುಡುಗ ಅದರ ಫೋಟೋ ತೆಗೆದು, "ಅಂಕಲ್, ಎಂಥಾ ಹೆರಿಟೇಜ್ ಗೊತ್ತಾ ಇದು? ಹೀಗೇ ಬಿಟ್ರೆ ಯಾರಾದ್ರೂ ಕಿತ್ತು ಹಾಕ್ಬಿಡ್ತಾರೆ" ಅಂದ. ಆ ಯಾರಾದರೂ ಯಾರೆಂಬುದು ನನಗೆ ಗೊತ್ತಿತ್ತು. ಆ ದಿನ ಊಟ ರುಚಿಸಲಿಲ್ಲ. ಪೀಣ್ಯದಲ್ಲಿ ಗ್ರಿಲ್ ಕೆಲಸದ ಶೆಡ್ಡು ಇಟ್ಟಿರುವ ನನ್ನ ಭಾಮೈದ ನಾಗರಾಜನಿಗೆ ಫೋನ್ ಮಾಡಿ, ಕಲ್ಲಿನ ಸುತ್ತ ಆಳೆತ್ತರದ ಕಬ್ಬಿಣದ ಬೇಲಿ ಬೇಕೆಂದೆ.

"ಬಾಗ್ಲು ಯಾವ ಕಡೆ ಇಡ್ಲಿ ಭಾವ?"

"ಬಾಗ್ಲು ಇಟ್ರೆ ಜನ ಒಳಗೆ ಬರಲ್ವೇನೋ? ಬೇಡ."

ಅಕ್ಕನ ಗಂಡನ ಮಾತೆಂದು ಅವನು ಎದುರಾಡಲಿಲ್ಲ. ನಾಲ್ಕೂ ಕಡೆ ವೆಲ್ಡ್ ಮಾಡಿ, ಹಸಿರು ಬಣ್ಣ ಬಳಿದು ಹೋದ. ಒಂದು ವಾರ ನಾನು ದಾರಿಹೋಕರನ್ನೆಲ್ಲ ನಿಲ್ಲಿಸಿ ತೋರಿಸಿದೆ. ಅಷ್ಟರಲ್ಲಿ ಗಾಳಿಗೆ ಚಿಪ್ಸ್ ಪ್ಯಾಕೆಟ್ಟುಗಳು ಹಾರಿ ಬಂದು ಒಳಗೆ ಸೇರಿಕೊಂಡವು. ಅವಕ್ಕೆ ಬಾಗಿಲು ಬೇಕಾಗಲಿಲ್ಲ, ಪೊರಕೆಗೆ ಬೇಕಿತ್ತು. ಕೋಲು ತೂರಿಸಿ ಎಳೆದರೆ ಒಂದು ಬರುತ್ತದೆ, ಉಳಿದವು ಮೂಲೆಗೆ ಸರಿಯುತ್ತವೆ.

ಅದನ್ನೂ ಸಹಿಸುತ್ತಿದ್ದೆನೇನೋ. ಆದರೆ ನಮ್ಮ ಬೀದಿಗೆ ದಿನವೂ ಸೊಪ್ಪು ತರುವ ಮುನಿಯಮ್ಮ ತನ್ನ ಊರಿಗೆ ಹೋಗಿದ್ದವಳು ವಾಪಸು ಬಂದಳು. ತುಂಬಿದ ಕುಕ್ಕೆ ತಲೆಯ ಮೇಲಿಟ್ಟುಕೊಂಡು ಬೇಲಿಯ ಮುಂದೆ ನಿಂತಳು.

"ಈ ಕಲ್ಲು ಏನ್ ತಪ್ಪು ಮಾಡ್ತು ಅಂತ ಜೈಲಿಗೆ ಆಕಿದ್ದೀಯಣ್ಣ?"

"ಉಳಿಸೋಕೆ ಕಣಮ್ಮ."

"ಯಾರಿಗೆ ಉಳಿಸ್ದೆ?"

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದೇನೆ. ಹೆರಿಟೇಜ್ ಅಂದರೇನೆಂದು ಅವಳಿಗೆ ಬಿಡಿಸಿ ಹೇಳತೊಡಗಿದೆ.

"ಇಳ್ಸಕ್ಕೆ ಒಂದ್ ಕೈ ಕೊಡಿ ಅಂತ ಯಾರ್ನ ಕರೀಲಿ? ಎಲ್ರೂ ಕಿವಿಗೆ ಏನೋ ಸಿಗಿಸ್ಕಂಡು ಓಯ್ತಾರೆ. ನಾಳೆಯಿಂದ ಈ ಬೀದಿಗೆ ಬರಾಕಿಲ್ಲ, ಬುಡು."

ಒಳಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ ಜಯಮ್ಮ ಹೊರಗೆ ಬಂದಳು. "ಇನ್ಮೇಲೆ ಆ ಕಂಬೀನೇ ಹೆಚ್ಚಿ ಬಸ್ಸಾರು ಮಾಡ್ಲೇನ್ರೀ? ಬೇಲಿ ಕೀಳೋವರೆಗೂ ಕಲ್ಲು ಮಾಡ್ತಿದ್ದ ಕೆಲಸ ನೀವೇ ಮಾಡಿ" ಎಂದಳು. ಮುನಿಯಮ್ಮನನ್ನೂ ಅವಳೇ ಒಪ್ಪಿಸಿದಳು.

ನಾಗರಾಜ ಪ್ರತಿ ಸಲವೂ, "ಮುಂದಿನ ವಾರ ಬಂದು ಕತ್ತರಿಸ್ತೀನಿ ಭಾವ" ಅನ್ನುತ್ತಾನೆ. ಆ ಮುಂದಿನ ವಾರ ಪೀಣ್ಯದಿಂದ ಹೊರಟು ಯಾವುದೋ ಸಿಗ್ನಲ್ಲಿನಲ್ಲಿ ನಿಂತಿರಬೇಕು. ನಾನು ಕಲ್ಲನ್ನು ಉಳಿಸಿದ್ದು ನಿಜ, ಆದರೆ ಅದು ಇಷ್ಟು ಕಾಲ ಮಾಡಿಕೊಂಡು ಬಂದ ಉಪಕಾರವನ್ನು ವೆಲ್ಡ್ ಮಾಡಿಸಿ ಮುಚ್ಚಿಬಿಟ್ಟೆ. ಜೆಸಿಬಿ ತಂದಾಗಲಾದರೂ ನಾನು ಕೆಟ್ಟವನೆಂದು ನನಗೆ ಗೊತ್ತಿತ್ತು.

ಈಗ ದಿನಾ ಬೆಳಗ್ಗೆ ಬೇಲಿಯ ಪಕ್ಕ ನಿಂತು ಕುಕ್ಕೆ ಇಳಿಸುತ್ತೇನೆ, ಮತ್ತೆ ಎತ್ತಿ ಹೊರಿಸುತ್ತೇನೆ. ಇಂದು ಸೊಂಟ ಲಟಕ್ಕೆಂದಿತು, "ಅಯ್ಯಪ್ಪಾ" ಅಂದೆ. ಮುನಿಯಮ್ಮ ತಲೆಯ ಮೇಲಿನ ಬಟ್ಟೆಯ ಸಿಂಬಿ ಸರಿಮಾಡಿಕೊಳ್ಳುತ್ತ, "ಆ ಕಲ್ಲು ಒಂದಿನಾನೂ ನರಳ್ಲಿಲ್ಲ ಕಣಣ್ಣ" ಅಂದಳು.

ಮೇಲೆ ನೋಡಿದರೆ ಬಾಲ್ಕನಿಯಲ್ಲಿ ಎಂಜಿನಿಯರ್ ಹುಡುಗ ನನ್ನ ಫೋಟೋ ತೆಗೆಯುತ್ತಿದ್ದ. ನನ್ನನ್ನೂ ಉಳಿಸಬೇಕೆಂದು ಅವನಿಗೆ ಅನ್ನಿಸಿದರೆ, ಬಾಗಿಲು ಮಾತ್ರ ಇಡಿಸಪ್ಪ ಎಂದು ಹೇಳಿಡಬೇಕು.