ಫಿಲ್ಟರಿಗೆ ನೀಲಿ, ಬಾಯಿಗೆ ಖಣ

ಬೆಳಗಾವಿಯ ಖಾಸಬಾಗದಲ್ಲಿ ಹಳೆ ಟ್ರ್ಯಾಕ್ಟರುಗಳ ಬಿಡಿಭಾಗ ಮಾರುತ್ತೇನಾದರೂ ಇಂಜಿನ್ ಎಂದರೆ ನನಗೆ ಪುಕುಪುಕು. ಹೆದರಿದವನ ಮೇಲೆ ಹಾವು ಎಸೆದ ಹಾಗೆ, ಖಾನಾಪುರದ ಕಾಕಾ ಒಬ್ಬರು ತಮ್ಮ ಏರ್ ಫಿಲ್ಟರಿನ ತಕರಾರು ಹೊತ್ತು ಬರುತ್ತಲೇ ಇರುತ್ತಾರೆ. ಧೂಳು ಹೊಕ್ಕು ಅವರ ಒಂದೇ ಟ್ರ್ಯಾಕ್ಟರ್ ಕೆಟ್ಟರೆ ಆ ಪಾಪ ನನಗೇ ಅಂಟೀತು ಎಂದು ನನ್ನ ಭಯ.

೧. ಕಾಗದದ್ದು

"ತಮ್ಮಾ, ಎಣ್ಣಿ ಫಿಲ್ಟರ್ ಛಲೋನೋ, ಕಾಗದದ್ದು ಛಲೋನೋ?"

ಎಣ್ಣೆಯದನ್ನು ತೊಳೆದು, ಹೊಸ ಎಣ್ಣೆ ಹಾಕುತ್ತಿದ್ದರೆ ವರ್ಷಗಟ್ಟಲೆ ಬರುತ್ತದೆ. ಕಾಗದದ್ದು ಸಣ್ಣ ಧೂಳನ್ನೂ ಹಿಡಿಯುತ್ತದೆ, ಆದರೆ ಕಟ್ಟಿಕೊಂಡರೆ ಬದಲಾಯಿಸಬೇಕು ಎಂದೆ. ಕಾಕಾ ಕಾಗದದ್ದನ್ನೇ ಹಾಕಿಸಿಕೊಂಡರು. ಮುಂದೆ ಒಂದು ದಿನ ಅವರ ಮನೆಗೆ ಹೋದರೆ, ತಂತಿಯ ಮೇಲೆ ಧೋತರದ ಬಾಜು ಫಿಲ್ಟರೂ ಒಣಗುತ್ತಿತ್ತು!

"ಕಾಕಾ, ಅದನ್ನ ತೊಳೀಬಾರ್ದ್ರೀ! ಹರಿದು ಧೂಳ ಒಳಗ ಹೊಕ್ಕತೈತಿ!"

"ಮೊದಲ ಹೇಳಬಾರದೇನೋ? ಪಾಪ, ನಿಮ್ಮ ಕಾಕೂ ನೀಲಿನೂ ಹಾಕ್ಯಾಳ."

೨. ಖಣ

ಹಳೆ ಎಣ್ಣೆ ಫಿಲ್ಟರನ್ನೇ ಮತ್ತೆ ಕೂಡಿಸಿಕೊಟ್ಟೆ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕಾಕಾರ ಫೋನು: "ಲಗೂನ ಬಾ, ಟ್ರ್ಯಾಕ್ಟರ್ ಜೀವಾ ಬಿಡಾಕತ್ತೈತಿ!"

ದಾರಿಯುದ್ದಕ್ಕೂ ದೇವರನ್ನು ನೆನೆಯುತ್ತ ಹೋದೆ. ನೋಡಿದರೆ, ಬಾನೆಟ್ಟಿನ ಮೇಲೆ ಗಾಳಿ ಎಳೆದುಕೊಳ್ಳುವ ಬಾಯಿಗೆ ಕಾಕೂ ಕುಪ್ಪಸದ ಹೊಸ ಖಣ ಬಿಗಿದು, ಕುಂಕುಮ ಹಚ್ಚಿದ್ದರು.

"ಕಾಕೂ, ಬಾಯಿ ಮುಚ್ಚಿದ್ರ ಇಂಜಿನ್ ಸಾಯತೈತ್ರೀ!"

"ಲಕ್ಷ್ಮಿಗೆ ಖಣ ಏರಸದ ಹೆಂಗ ಬಿಡೂದು? ಹಬ್ಬದ ದಿನ ಒಂದೀಟು ಉಸಿರು ಹಿಡಕೊಂಡ ಕುಂದರ್ಲಿ."

೩. ಎಣ್ಣೆ

ಫಿಲ್ಟರಿನ ಬಟ್ಟಲಿಗೆ ಗುರುತಿನ ತನಕ ಮಾತ್ರ ಎಣ್ಣೆ ಹಾಕಬೇಕು. ಹಬ್ಬ ಮುಗಿದ ಮೇಲೆ ನಾನು ಮತ್ತೆ ಅವರ ಮನೆಗೆ ಹೋದಾಗ ಕಾಕಾ ಅದನ್ನು ಕಂಠಪೂರ್ತಿ ತುಂಬಿಬಿಟ್ಟಿದ್ದರು. "ತಿನಿಸೂದ್ರಾಗ ಜಿಪುಣತನ ಯಾಕ?" ಎನ್ನುತ್ತ ನನ್ನೆದುರೇ ಚಾಲೂ ಮಾಡಿದರು.

ಹೆಚ್ಚಾದ ಎಣ್ಣೆಯನ್ನು ಇಂಜಿನ್ ಹೀರಿಕೊಂಡು, ಅದನ್ನೇ ಡೀಸೆಲ್ಲಿನಂತೆ ಉರಿಸುತ್ತ ಹುಚ್ಚೆದ್ದು ಕೂಗತೊಡಗಿತು. ಅಂಗಳವೆಲ್ಲ ಹೊಗೆ. ಬಂದ್ ಮಾಡುವ ಗುಂಡಿ ಎಳೆದರೂ ನಿಲ್ಲದು. ಇನ್ನು ಸಿಡಿದು ಚೂರಾಗುತ್ತದೆ, ಇವತ್ತು ನಾವ್ಯಾರೂ ಉಳಿಯುವುದಿಲ್ಲ ಎಂದು ಖರೇನೇ ಅನಿಸಿತು. ಕಾಕಾ ಹಾರಿ ತಿಪ್ಪೆಯ ಹಿಂದೆ ಓಡಿದರು. ನಾನು ಅಲ್ಲಿ ಅವರಿಗಿಂತ ಮೊದಲೇ ಇದ್ದೆ.

"ಓಡ್ರಿ ಕಾಕೂ! ಸಿಡೀತೈತಿ! ಓಡ್ರೀ!" ಎಂದು ಅಲ್ಲಿಂದಲೇ ಅರಚಿದೆ.

ಕಾಕೂ ಓಡಲಿಲ್ಲ. ಒಳಗಿಂದ ಹೊದೆಯುವ ದಪ್ಪ ಕೌದಿ ತಂದು, ಮಡಚಿ, ಅಂದು ಖಣ ಬಿಗಿದಿದ್ದ ಆ ಬಾಯಿಯ ಮೇಲೆ ಅದುಮಿ ಹಿಡಿದರು. ಇಂಜಿನ್ ಗೊರಗೊರ ಅಂದು ನಿಂತಿತು. ನಾನು ಮಾತ್ರ ತಿಪ್ಪೆಯ ಹಿಂದಿನಿಂದ ಇನ್ನೂ ಅರಚುತ್ತಲೇ ಇದ್ದೆ.

"ಬಾಯಿ ಮುಚ್ಚಿದ್ರ ಸಾಯತೈತಿ ಅಂತ ನೀನ ಹೇಳಿದ್ಯಲ್ಲೋ ತಮ್ಮಾ," ಎಂದರು ಕಾಕೂ, ಕೌದಿ ಜಾಡಿಸುತ್ತ. "ಟ್ರ್ಯಾಕ್ಟರ್ ಸುಮ್ಮನಾತು, ನೀ ಇನ್ನೂ ಒದರಾಕತ್ತೀ. ಅಲ್ಲಿಗೂ ತರಲೇನು ಕೌದಿ?"