ಒದೆಯುವ ರಿವಾಲ್ವರಿಗೆ ನಾಲ್ಕು ಹಿಡಿ

ತೊಂಬತ್ತು ಸಾವಿರ ರೂಪಾಯಿ. ದೀಪಾವಳಿಯೊಳಗೆ ರಿವಾಲ್ವರಿನ ಹಿಡಿ ಕೈಗೆ ಒಗ್ಗಿದರೆ ಆ ದುಡ್ಡು ನನ್ನದು. ಒಗ್ಗದಿದ್ದರೆ ಮಾಲು ನನ್ನ ಅಂಗಡಿಗೆ ವಾಪಸ್ಸು, ದುಡ್ಡು ನಾಗಮಂಗಲದ ಕಡೆಯ ಗೌಡರಿಗೆ ವಾಪಸ್ಸು. ಮಾತು ಇಷ್ಟೇ.

ಶ್ರೀರಂಗಪಟ್ಟಣದಲ್ಲಿ ಕೋವಿ, ತೋಟಾ ಮಾರುವ ಅಂಗಡಿ ನನ್ನದು. ಬಟ್ಟೆ ಅಂಗಡಿಗೆ ಮದುವೆ ಇದ್ದವರು ಬರುತ್ತಾರೆ. ನನ್ನ ಅಂಗಡಿಗೆ ಹೆದರಿದವರು ಬರುತ್ತಾರೆ. ಹೆದರಿಕೆ ಕಳ್ಳರದಲ್ಲ, ಅಣ್ಣತಮ್ಮಂದಿರದು. ನಗುವುದಕ್ಕೇನೂ ಇಲ್ಲದ ವ್ಯಾಪಾರ. ಆದರೂ ತೊಂಬತ್ತರ ದಶಕದ ಉದ್ದಕ್ಕೂ ನಗೆಪಾಟಲುಗಳು ಒಂದರ ಹಿಂದೊಂದು ನಡೆಯುತ್ತಲೇ ಇದ್ದವು. ಈಗ ಹೇಳುವುದಿಷ್ಟೂ ಒಬ್ಬನೇ ಗಿರಾಕಿಯದು ಅಂದರೆ ಉಳಿದವರದು ಎಷ್ಟಿರಬೇಕು, ನೀವೇ ಊಹಿಸಿ.

ಗೌಡರಿಗೂ ಅವರ ದಾಯಾದಿಗೂ ಗದ್ದೆಯ ಬದುವಿನ ಮೇಲೆ ವ್ಯಾಜ್ಯ. ಕೋರ್ಟು ಮುಗಿಸುವಂತೆ ಕಾಣಲಿಲ್ಲ, ಗೌಡರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಲೈಸೆನ್ಸು ಮಾಡಿಸಿಕೊಂಡು ಬಂದರು. ಸಣ್ಣ ಗುಂಡಿನದು ಸಾಕು, ಕೈಗೆ ಹಗುರ ಅಂದೆ. ಕೇಳಲಿಲ್ಲ. ಸದ್ದು ದಾಯಾದಿಯ ಹಟ್ಟಿಗಂಟ ಹೋಗಬೇಕಂತೆ. ದಪ್ಪ ಗುಂಡಿನ, ವಿದೇಶದ ಹಳೇ ಮಾಲನ್ನೇ ಕೊಂಡರು. ಒಂದೇ ಒಂದು ಸಲ ಹಾರಿಸಿ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಅಂಗಡಿ ಮುಂದೆ ನಿಂತರು.

"ಏನ್ ಸೆಟ್ರೆ, ದುಡ್ಡೂ ಕೊಟ್ಟು ಒದೇನೂ ತಿನ್ಬೇಕಾ?"

ತಪ್ಪು ರಿವಾಲ್ವರಿನದಲ್ಲ, ಹಿಡಿಯದು ಅಂದೆ. ಬಾಯಿ ಅಷ್ಟಕ್ಕೇ ನಿಲ್ಲದೆ ದೀಪಾವಳಿಯ ಕರಾರನ್ನೂ ಆಡಿಬಿಟ್ಟಿತು.

೧. ಚಂದದ ಹಿಡಿ

ಹಿಡಿಯನ್ನು ಕೈಯಲ್ಲಿ ಆರಿಸಬೇಕು. ಗೌಡರು ಕನ್ನಡಿಯಲ್ಲಿ ಆರಿಸಿದರು. ನನ್ನಲ್ಲಿದ್ದ ಹಿಡಿಗಳನ್ನೆಲ್ಲ ಒಂದೊಂದಾಗಿ ಹಾಕಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಿಯಲ್ಲಿ ಓರೆಯಾಗಿ ನೋಡಿಕೊಂಡು, ಕೊನೆಗೆ ದಂತದ ಬಣ್ಣದ್ದೊಂದನ್ನು ಒಪ್ಪಿದರು. ನುಣ್ಣಗಿದೆ, ಬೆವರಿಗೆ ಜಾರುತ್ತದೆ ಅಂದೆ. ಬಿಳೀ ಪಂಚೆಗೆ ಹೊಂದುತ್ತದೆ ಅಂದರು.

ಹಾರಿಸಿದಾಗ ಜಾರಿತು. ರಿವಾಲ್ವರಿನ ಹಿಂದಿನ ಕೊಕ್ಕೆ ಹೆಬ್ಬೆರಳಿನ ಬುಡವನ್ನು ಕಿತ್ತಿತು. ಆಸ್ಪತ್ರೆಯಲ್ಲಿ ಇದೇನು ಗಾಯ ಅಂತ ಕೇಳಿದಾಗ, ನನ್ನ ರಿವಾಲ್ವರೇ ನನಗೆ ಹೀಗೆ ಮಾಡಿತು ಅನ್ನುವುದಕ್ಕೆ ನಾಚಿಕೆಯಾಗಿ, ನಾಯಿ ಕಚ್ಚಿತು ಅಂದುಬಿಟ್ಟರು. ಡಾಕ್ಟರು ಹೊಕ್ಕುಳ ಸುತ್ತ ಸೂಜಿ ಶುರುಮಾಡಿದರು. ಪುಣ್ಯಾತ್ಮ ಕೊನೆಯ ಸೂಜಿಯವರೆಗೂ ನಿಜ ಹೇಳಲಿಲ್ಲ. ಒಂದೊಂದು ಸೂಜಿಗೂ ನನ್ನ ಹೆಸರು ಹಿಡಿದು ಬೈದರಂತೆ.

೨. ರಬ್ಬರು

ಒದೆತಕ್ಕೆ ರಬ್ಬರಿನ ಹಿಡಿಯೇ ಮದ್ದು. ಹುಡುಕಿದಾಗ ಕೆ.ಆರ್. ಪೇಟೆಯಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬರ ಬಳಿ ಸಿಕ್ಕಿತು. ಅವರ ಕೈ ಗುದ್ದಲಿಯಷ್ಟಗಲ. ಬಸ್ಸಿನಲ್ಲಿ ಹೋಗಿ, ಅವರ ಕಾಲುನೋವಿನ ಕಥೆಯನ್ನೆಲ್ಲ ಕೇಳಿ, ಹಿಡಿ ಬಿಚ್ಚಿಸಿಕೊಂಡು ಬಂದೆ.

ವಾರ ಕಳೆದ ಮೇಲೆ ಗೌಡರು ನಗುಮುಖದಲ್ಲೇ ಬಂದರು. ತೊಂಬತ್ತು ಸಾವಿರ ಉಳಿಯಿತು ಅಂದುಕೊಂಡು ಕಾಫಿ ತರಿಸಿದೆ. ಹೇಗಿದೆ ಅಂತ ಕೇಳಿದೆ.

"ಒದೆತ ಅನ್ನೋದೇ ಇಲ್ಲ ಸೆಟ್ರೆ, ಮೆತ್ತಗೆ ಹತ್ತಿ ಇಡ್ಕಂಡಂಗೈತೆ. ಬೆಳ್ಳು ಟ್ರಿಗರ್‌ಗೆ ಎಟುಕಾಕಿಲ್ಲ, ಅದೊಂದ್ ಬುಟ್ರೆ ಪಸಂದಾಗೈತೆ."

೩. ಹಿಂದಕ್ಕೆ ಹೊಡೆಯುವ ಜಾತಿ

ಮೂರನೆಯದು ಮರದ್ದು, ಮೈಮೇಲೆ ಒತ್ತೊತ್ತಾಗಿ ಗೀರು ಕೊರೆದದ್ದು. ನಿಜಕ್ಕೂ ಒಳ್ಳೇ ಹಿಡಿ. ಆದರೆ ಅಷ್ಟರಲ್ಲಿ ಆಯುಧಪೂಜೆ ಬಂತು. ಗೌಡರು ರಿವಾಲ್ವರು ತೆಗೆದುಕೊಂಡು ಪಾಂಡವಪುರದ ಮಾವನ ಮನೆಗೆ ಹೋದರು. ಅತ್ತೆ ಅದನ್ನು ಟ್ರಾಕ್ಟರಿನ ಪಕ್ಕ ಮಣೆಯ ಮೇಲಿಟ್ಟು, ಭಕ್ತಿಯಿಂದ ಗಂಧ ತೇಯ್ದು, ಗೀರೆಲ್ಲ ಮುಚ್ಚುವಂತೆ ಬಳಿದರು. ಪೂಜೆ ಮಾಡಿದ ಆಯುಧವನ್ನು ಅದೇ ದಿನ ಒರೆಸಬಾರದಂತೆ.

ಹಿತ್ತಿಲಲ್ಲಿ ಬೂದಗುಂಬಳ ಇಟ್ಟಿತ್ತು. ಎಲ್ಲರೂ ಅದನ್ನು ನೆಲಕ್ಕೆ ಹಾಕಿ ಒಡೆದರೆ ನಾನು ಗುಂಡಿನಿಂದ ಒಡೆಯುತ್ತೇನೆ ಅಂತ ಗೌಡರು ನಿಂತರು. ಸದ್ದೇನೋ ಆಯಿತು. ಗಂಧಕ್ಕೆ ಜಾರಿದ ರಿವಾಲ್ವರು ಅವರ ಹೆಗಲ ಮೇಲಿಂದ ಹಾರಿ ಹಿಂದಿದ್ದ ಗೋಬರ್ ಗ್ಯಾಸಿನ ಗುಂಡಿಗೆ ಬಿತ್ತು. ಕುಂಬಳಕ್ಕೆ ಗೀರೂ ಆಗಿರಲಿಲ್ಲ. ಸಗಣಿ ಬಗ್ಗಡವನ್ನೆಲ್ಲ ಆಚೆ ಹಾಕಿ ಹುಡುಕಿದರು. ಎರಡು ಹೊತ್ತು ಆ ಮನೆಯಲ್ಲಿ ಒಲೆ ಉರಿಯಲಿಲ್ಲ, ಹಬ್ಬದಡುಗೆ ಅರ್ಧಕ್ಕೇ ನಿಂತಿತು.

ಎಲ್ಲ ಮುಗಿದ ಮೇಲೆ ಮಾವ, ಹೆಣ್ಣು ಕೊಟ್ಟವರು, ಮರ್ಯಾದೆಯಿಂದಲೇ ಕೇಳಿದರಂತೆ: "ಅಳಿಯಂದ್ರೆ, ಇದು ಹಿಂದಕ್ಕೆ ಹೊಡ್ಯೋ ಜಾತೀದಾ?"

೪. ಮುದ್ದೆಯ ಅಳತೆ

ಸಗಣಿಗೆ ಬಿದ್ದ ಹಿಡಿಯನ್ನು ಗೌಡರು ಮತ್ತೆ ಮುಟ್ಟಲು ಒಪ್ಪಲಿಲ್ಲ. ಇನ್ನು ದೀಪಾವಳಿಗೆ ಹೆಚ್ಚು ದಿನ ಇರಲಿಲ್ಲ. ಬಾಬುರಾಯನಕೊಪ್ಪಲಿನ ಒಬ್ಬ ಆಚಾರಿಯ ಹತ್ತಿರ ಹೋದೆ. ನೇಗಿಲ ಮೇಣಿ, ಮಂಚದ ಕಾಲು ಮಾಡುವವನು. ಯಾವ ಕೆಲಸ ಹೇಳಿದರೂ ಆಗಲ್ಲ ಅಂದೇ ಶುರುಮಾಡುವವನು. ಗಿರಾಕಿಯ ಕೈ ಬೇಕು ಅಂದ. ಗೌಡರೋ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಅಂತ ಹೇಳಿ ಕಳಿಸಿದ್ದರು. ಕೊನೆಗೆ ನಾನೇ ಉಪಾಯ ಹೇಳಿ ಕಳಿಸಿದೆ: ಗಟ್ಟಿಯಾಗಿ ಒಂದು ರಾಗಿಮುದ್ದೆ ಮಾಡಿಸಿ, ರಿವಾಲ್ವರು ಹಿಡಿದಂತೆ ಅದನ್ನು ಅದುಮಿ, ಒಣಗಿಸಿ ಕಂಡಕ್ಟರ್ ಕೈಲಿ ಕಳಿಸಿ.

ಮುದ್ದೆ ಬಂತು. ಬೆರಳಚ್ಚು ಐದೂ ಸ್ಪಷ್ಟ. ಆಚಾರಿ ಅದಕ್ಕೆ ಸರಿಯಾಗಿ ಬೀಟೆಮರ ಕೆತ್ತಿದ. ಹಬ್ಬದ ಹಿಂದಿನ ದಿನ ನಾನೇ ತೆಗೆದುಕೊಂಡು ಹೋಗಿ ಹಾಕಿಕೊಟ್ಟೆ. ಗೌಡರು ಹಿಡಿದು ನೋಡಿದರು, ತಿರುಗಿಸಿ ಹಿಡಿದರು, ಮತ್ತೆ ಹಿಡಿದರು. ಒಂದು ಬೆರಳೂ ಅದರ ಜಾಗದಲ್ಲಿ ಕೂರಲಿಲ್ಲ.

"ಇದ್ಯಾರ ಕೈ ಸೆಟ್ರೆ?"

ಗೌಡರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. ಗೌಡರು ಅದುಮಿಟ್ಟ ಮುದ್ದೆಯನ್ನು ಕೋಳಿ ಕುಕ್ಕಿ ತಿಂದಿತ್ತಂತೆ. ಬಸ್ಸಿಗೆ ಹೊತ್ತಾಗುತ್ತದೆ ಅಂತ ತಾವೇ ಇನ್ನೊಂದು ಅದುಮಿ ಕಳಿಸಿದರಂತೆ. ಹೇಳುತ್ತಲೇ ಗಂಡನ ಕೈಯಿಂದ ರಿವಾಲ್ವರು ತೆಗೆದುಕೊಂಡರು. ಐದು ಬೆರಳೂ ಮನೆಗೆ ಬಂದಂತೆ ಕೂತವು. ಲೈಸೆನ್ಸು ಯಜಮಾನರದು ಅಮ್ಮಾವ್ರೆ ಅಂತ ನಾನು ಹೇಳುವಷ್ಟರಲ್ಲಿ ಹಿತ್ತಿಲ ಬೇಲಿಗೆ ಕವುಚಿದ್ದ ಮಡಕೆ ಚೂರಾಗಿತ್ತು. ಕೈ ಒಂಚೂರು ಎದ್ದು, ಹಾಗೇ ಇಳಿಯಿತು.

"ಇದೇನ್ ಮಹಾ ಒದೆ. ನಮ್ಮೆಮ್ಮೆ ಇದಕ್ಕಿಂತ ಒದೀತದೆ."

ಗೌಡರು ಹಿತ್ತಿಲಿಗೆ ಹೋಗಿ ಮಡಕೆಯ ಚೂರು ಆರಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಮಾಲು ತಗೊಂಡೋಗ್ಬುಡಿ, ದುಡ್ಡು ನಿಧಾನಕ್ಕೆ ಕೊಡಿ ಅಂದರು. ಹೆಂಡತಿಗೆ ಕೇಳಿಸಿತು.

"ಕೈಗೊಗ್ಗಿದ್ರೆ ವಾಪಸ್ಸಿಲ್ಲ ಅಂತಲ್ವಾ ಮಾತು? ಒಗ್ಗೈತೆ. ಸೆಟ್ರು ಊಟ ಮಾಡ್ಕಂಡ್ ಓಗ್ಲಿ."

ಯಾರ ಕೈಗೆ ಅಂತ ಕರಾರಿನಲ್ಲಿ ಮಾತಾಗಿರಲಿಲ್ಲ. ನಾನು ಊಟ ಮಾಡಿದೆ. ಅಮ್ಮಾವ್ರ ಹೆಸರಿಗೂ ಲೈಸೆನ್ಸಿಗೆ ಅರ್ಜಿ ಹಾಕಿಸಿ ಅಂತ ಗೌಡರಿಗೆ ಹೇಳಿ ಎದ್ದೆ.

ಹಬ್ಬ ಕಳೆದು ಕೆಲವು ತಿಂಗಳಿಗೆ ಅವರ ದಾಯಾದಿಯೇ ನನ್ನ ಅಂಗಡಿಗೆ ಬಂದ. ಮಡಕೆ ಒಡೆದ ಸದ್ದು ಅವನ ಹಟ್ಟಿಗೆ ಕೇಳಿತ್ತು. ಒಡೆದದ್ದು ಯಾರು ಅನ್ನುವುದೂ ತಲುಪಿತ್ತು. ಮುಖ ಬಾಡಿತ್ತು. ಲೈಸೆನ್ಸು ಮೇಜಿನ ಮೇಲಿಟ್ಟ. ಸಣ್ಣ ಗುಂಡಿನದು ಸಾಕು ಅಂತ ಇವನಿಗೂ ಹೇಳಿದೆ, ಇವನೂ ಕೇಳಲಿಲ್ಲ. ಹಾಗಾದರೆ ಕೈಯಳತೆ ಕೊಡಿ ಅಂದೆ. ಟವೆಲಿನ ಗಂಟು ಬಿಚ್ಚಿ, ಒಣಗಿದ ಮುದ್ದೆಯೊಂದನ್ನು ಮೆಲ್ಲಗೆ ಮುಂದಿಟ್ಟ.

"ನಮ್ಮನೇವ್ಳದು," ಅಂದ. "ನಂದ್ ಯಾಕೆ ಬುಡಿ."

ಒಟ್ಟು ಗಳಿಕೆ ಹೇಳಿಬಿಡುತ್ತೇನೆ. ತೊಂಬತ್ತು ಸಾವಿರ ಉಳಿಯಿತು. ಇನ್ನೊಂದು ರಿವಾಲ್ವರು ಮಾರಾಟವಾಯಿತು. ಬದುವಿನ ವ್ಯಾಜ್ಯ ಇದ್ದ ಹಾಗೇ ಇದೆ. ಆ ಎರಡು ಮನೆಯ ಗಂಡಸರೂ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾರೆ, ಬಡಿಸಿದ್ದನ್ನು ಉಪ್ಪು ಕೇಳದೆ ಉಣ್ಣುತ್ತಾರೆ.